ಸರ್ ಸಿ.ವಿ. ರಾಮನ್ 'ಆಗಲ್ಲ' ಅಂದಾಗ: ಕಮಲಾ ಸೊಹೊನಿ ಮತ್ತು ಅನ್ನಾ ಮಣಿ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಭಾರತದ ಮೂವರು ದೊಡ್ಡ ವಿಜ್ಞಾನಿಗಳ ಹೆಸರು ಹೇಳಿ ಅಂತ ಯಾರಾದ್ರೂ ಕೇಳಿದ್ರೆ, ಅದರಲ್ಲಿ ಸಿ.ವಿ. ರಾಮನ್ ಹೆಸರು ಬಂದೇ ಬರುತ್ತೆ. ಶಾಲೆಯಲ್ಲಿ ಫೆಬ್ರವರಿ 28ಕ್ಕೆ ವಿಜ್ಞಾನ ದಿನ ಅಂತ ಭಾಷಣ ಮಾಡಿರ್ತೀವಿ. 1928ರ ಅದೇ ದಿನ ರಾಮನ್ ಪರಿಣಾಮ ಪತ್ತೆಯಾಯ್ತು, 1930ರಲ್ಲಿ ಅದಕ್ಕೆ ನೊಬೆಲ್ ಬಂತು ಅಂತ ಬಾಯಿಪಾಠ ಮಾಡಿರ್ತೀವಿ.

ಇವತ್ತಿನ ಕಥೆಯಲ್ಲೂ ರಾಮನ್ ಇದ್ದಾರೆ. ಆದರೆ ಈ ಸಲ ಅವರು ಮೇಜಿನ ಆ ಕಡೆ ಕೂತಿದ್ದಾರೆ. ಈ ಕಡೆ ಒಬ್ಬ ಹುಡುಗಿ ನಿಂತಿದ್ದಾಳೆ. ಅವಳ ಕೈಯಲ್ಲಿ ಒಂದು ಅರ್ಜಿ ಇದೆ. ಆ ಅರ್ಜಿ ಆಗಲೇ ಒಂದು ಸಲ ತಿರಸ್ಕಾರ ಆಗಿದೆ.

ವರ್ಷ 1933. ಜಾಗ ಬೆಂಗಳೂರು.

ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದ ಅರ್ಜಿ

ಬೆಂಗಳೂರಿನವರಿಗೆ ಐಐಎಸ್‌ಸಿ ಅಂದ್ರೆ 'ಟಾಟಾ ಇನ್‌ಸ್ಟಿಟ್ಯೂಟ್'. ಜಮ್ಶೆಟ್‌ಜಿ ಟಾಟಾ ಕಂಡ ಕನಸು, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗ, 1909ರಲ್ಲಿ ಸ್ಥಾಪನೆ. ಮೊದಲ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ನಿರ್ದೇಶಕರೆಲ್ಲ ಬ್ರಿಟಿಷರೇ. 1933ರಲ್ಲಿ ಆ ಕುರ್ಚಿಗೆ ಮೊದಲ ಭಾರತೀಯ ಬಂದರು. ಅವರೇ ರಾಮನ್. ದೇಶಕ್ಕೆಲ್ಲ ಹೆಮ್ಮೆ.

ಅದೇ ವರ್ಷ ಮುಂಬೈ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಬಿಎಸ್ಸಿ ಮುಗಿಸಿದ ಕಮಲಾ ಭಾಗವತ್ ಅನ್ನೋ ಹುಡುಗಿ ಸಂಶೋಧನೆ ಮಾಡೋಕೆ ಇಲ್ಲಿಗೆ ಅರ್ಜಿ ಹಾಕಿದರು. ಹುಟ್ಟಿದ್ದು 1911ರಲ್ಲಿ, ಇಂದೋರ್‌ನಲ್ಲಿ. ಅಪ್ಪ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಓದಿದ್ದು ಇದೇ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿ ಆದರು, ತುರ್ತು ಪರಿಸ್ಥಿತಿಯ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಅಂಥ ಮನೆ ಅದು. ಅಪ್ಪ ಓದಿದ ಕಡೆಯಲ್ಲೇ ಮಗಳೂ ಓದೋದು ಸಹಜ ಅಂತ ಕಮಲಾ ಅಂದುಕೊಂಡಿದ್ದರು. ಅಂಕಗಳಿಗೇನೂ ಕೊರತೆ ಇರಲಿಲ್ಲ.

ಅರ್ಜಿ ತಿರಸ್ಕಾರ ಆಯ್ತು. ಕಾರಣ, ಅರ್ಜಿದಾರರು ಹೆಣ್ಣು.

ಕಮಲಾ ಸುಮ್ಮನೆ ಕೂರಲಿಲ್ಲ. ಬೆಂಗಳೂರಿಗೆ ಬಂದರು. ನೇರವಾಗಿ ರಾಮನ್ ಅವರನ್ನೇ ಕಂಡು, ಅಂಕ ಇದ್ದರೂ ಯಾಕೆ ಸೀಟು ಕೊಡಲ್ಲ, ಲಿಖಿತವಾಗಿ ಕಾರಣ ಕೊಡಿ ಅನ್ನೋ ಧಾಟಿಯಲ್ಲಿ ಕೇಳಿದರು. ಗಾಂಧಿಯ ಸತ್ಯಾಗ್ರಹದ ಕಾಲ ಅದು. ನಿಮ್ಮ ಕಚೇರಿ ಎದುರು ಸತ್ಯಾಗ್ರಹ ಕೂರ್ತೀನಿ ಅಂತ ಹಟ ಹಿಡಿದರು ಅಂತಲೂ ಅವರ ಕಥೆ ಬರೆದವರು ಹೇಳ್ತಾರೆ.

ಸ್ವಲ್ಪ ಯೋಚನೆ ಮಾಡಿ. ಎದುರಿಗೆ ಇರೋದು ನೊಬೆಲ್ ಪುರಸ್ಕೃತ, 'ಸರ್' ಪದವಿ ಪಡೆದ ನಿರ್ದೇಶಕರು. ಕೇಳ್ತಿರೋದು ಇಪ್ಪತ್ತೆರಡರ ಆಸುಪಾಸಿನ ಹುಡುಗಿ. ಇವತ್ತು ಕಾಲೇಜಿನ ಆಫೀಸ್‌ನಲ್ಲಿ ಒಂದು ಸಹಿ ಹಾಕಿಸೋಕೆ ಹೋದ್ರೂ ನಮಗೆ ಕೈ ನಡುಗುತ್ತೆ.

ಕೊನೆಗೆ ರಾಮನ್ ಒಪ್ಪಿದರು. ಆದರೆ ಷರತ್ತು ಹಾಕಿದರು. ಒಂದು, ಮೊದಲ ವರ್ಷ ಕಮಲಾ ರೆಗ್ಯುಲರ್ ವಿದ್ಯಾರ್ಥಿ ಅಲ್ಲ; ಕೆಲಸ ತೃಪ್ತಿ ಕೊಟ್ಟರೆ ಮಾತ್ರ ಮುಂದೆ ಮಾನ್ಯತೆ. ಎರಡು, ಮಾರ್ಗದರ್ಶಕರು ಹೇಳಿದಷ್ಟು ಹೊತ್ತು, ರಾತ್ರಿಯಾದರೂ ಕೆಲಸ ಮಾಡಬೇಕು. ಮೂರು, ಆಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು. ಅಂದ್ರೆ ಅಲ್ಲಿರೋ ಹುಡುಗರ ಗಮನ ಬೇರೆ ಕಡೆ ಹೋಗಬಾರದು!

ಹುಡುಗರ ಗಮನದ ಜವಾಬ್ದಾರಿಯೂ ಹುಡುಗಿಯದೇ.

ಕಮಲಾ ಒಪ್ಪಿಕೊಂಡರು. ಆದರೆ ಮರೆಯಲಿಲ್ಲ. ಅರವತ್ತಕ್ಕೂ ಹೆಚ್ಚು ವರ್ಷ ಆದಮೇಲೆ, ತಮ್ಮ ಇಳಿವಯಸ್ಸಿನಲ್ಲಿ ಅವರು ಇದನ್ನು ಸಭೆಯಲ್ಲಿ ಹೇಳಿಕೊಂಡರು. ರಾಮನ್ ದೊಡ್ಡ ವಿಜ್ಞಾನಿ ನಿಜ, ಆದರೆ ಈ ವಿಷಯದಲ್ಲಿ ಅವರ ಮನಸ್ಸು ಸಣ್ಣದಾಗಿತ್ತು, ತಮಗೆ ಅದು ದೊಡ್ಡ ಅವಮಾನ ಆಗಿತ್ತು ಅನ್ನೋದು ಅವರ ಮಾತಿನ ಸಾರ.

ಕಲ್ಕತ್ತಾದಲ್ಲಿ ತೆರೆದ ಬಾಗಿಲು

ಇಲ್ಲೊಂದು ನಿಮಿಷ 1907ಕ್ಕೆ ಹೋಗಿ ಬರೋಣ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಹದಿನೆಂಟು ವರ್ಷದ ರಾಮನ್ ಆಗ ವಿಜ್ಞಾನಿ ಅಲ್ಲ. ಕಲ್ಕತ್ತಾದಲ್ಲಿ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿ. ಮನಸ್ಸೆಲ್ಲ ಭೌತಶಾಸ್ತ್ರದಲ್ಲಿ, ಆದರೆ ಪ್ರಯೋಗ ಮಾಡೋಕೆ ಜಾಗ ಇಲ್ಲ. ಒಂದು ಸಂಜೆ ಟ್ರಾಮ್‌ನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ 'ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್' ಅನ್ನೋ ಬೋರ್ಡ್ ಕಂಡಿತು. ಇಳಿದು ಹೋಗಿ ಬಾಗಿಲು ತಟ್ಟಿದರು. ಆಶುತೋಷ್ ಡೇ ಅನ್ನೋ ಸಹಾಯಕರು ಬಾಗಿಲು ತೆಗೆದರು. ಸಂಸ್ಥೆಯ ಕಾರ್ಯದರ್ಶಿ ಅಮೃತಲಾಲ್ ಸರ್ಕಾರ್ ಈ ಹುಡುಗನನ್ನು ಖುಷಿಯಿಂದ ಒಳಗೆ ಕರೆದುಕೊಂಡರು. ಅಲ್ಲಿಂದ ಮುಂದೆ ಎಷ್ಟೋ ವರ್ಷ ರಾಮನ್ ಕಚೇರಿಗೆ ಹೋಗೋ ಮುಂಚೆ, ಕಚೇರಿ ಬಿಟ್ಟ ಮೇಲೆ ಅಲ್ಲೇ ಕೆಲಸ ಮಾಡಿದರು. ನೊಬೆಲ್ ತಂದುಕೊಟ್ಟ ಕೆಲಸವೂ ಆಗಿದ್ದು ಅದೇ ಪ್ರಯೋಗಾಲಯದಲ್ಲಿ.

ಗುರುತು ಪರಿಚಯ ಇಲ್ಲದ ಒಬ್ಬ ಹುಡುಗನಿಗೆ ಯಾರೋ ಬಾಗಿಲು ತೆಗೆದರು. ಅದರಿಂದ ದೇಶಕ್ಕೊಬ್ಬ ರಾಮನ್ ಸಿಕ್ಕರು.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲಾಂದ್ರೆ ಅವರಿಗೆ ಅನ್ಯಾಯ ಆಗುತ್ತೆ. ಹಿಟ್ಲರ್ ಕಾಲದಲ್ಲಿ ಯಹೂದಿ ಅನ್ನೋ ಕಾರಣಕ್ಕೆ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ಭೌತಶಾಸ್ತ್ರಜ್ಞ ಮ್ಯಾಕ್ಸ್ ಬಾರ್ನ್ ಅವರನ್ನು ಬೆಂಗಳೂರಿಗೆ ಕರೆಸಿಕೊಂಡಿದ್ದು ಇದೇ ರಾಮನ್. 1935-36ರಲ್ಲಿ ಬಾರ್ನ್ ಕೆಲವು ತಿಂಗಳು ಇಲ್ಲಿದ್ದರು. ಅವರನ್ನು ಕಾಯಂ ಆಗಿ ಇಟ್ಟುಕೊಳ್ಳಬೇಕು ಅಂತ ರಾಮನ್ ಹೋರಾಡಿದರು, ಆಗಲಿಲ್ಲ. ಬಾರ್ನ್ ಅವರಿಗೆ 1954ರಲ್ಲಿ ನೊಬೆಲ್ ಬಂತು.

ಜನಾಂಗದ ಹೆಸರಲ್ಲಿ ಆಗೋ ಅನ್ಯಾಯ ರಾಮನ್ ಅವರಿಗೆ ಚೆನ್ನಾಗಿ ಕಾಣ್ತಿತ್ತು. ತಮ್ಮದೇ ಕಚೇರಿಯ ಮೇಜಿನ ಎದುರು ನಿಂತ ಹುಡುಗಿಗೆ ಆಗ್ತಿದ್ದ ಅನ್ಯಾಯ ಕಾಣಲಿಲ್ಲ.

ಒಂದು ವರ್ಷದ ಪರೀಕ್ಷೆ

ಕಮಲಾ ಜೀವರಸಾಯನ ವಿಭಾಗದಲ್ಲಿ ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. ಶ್ರೀನಿವಾಸಯ್ಯ ಶಿಸ್ತಿನ ಮನುಷ್ಯ. ಆದರೆ ಕಲಿಯೋ ಮನಸ್ಸಿದ್ದವರಿಗೆ ಧಾರಾಳವಾಗಿ ಕಲಿಸೋರು. ಕಮಲಾ ಎತ್ತಿಕೊಂಡ ವಿಷಯ, ಹಾಲು ಮತ್ತು ಬೇಳೆಕಾಳುಗಳಲ್ಲಿರೋ ಪ್ರೋಟೀನ್.

ಈಗ ಜಿಮ್‌ಗೆ ಹೋಗೋರೆಲ್ಲ ಪ್ರೋಟೀನ್ ಬಗ್ಗೆ ಮಾತಾಡ್ತಾರೆ. ಆದರೆ 1930ರ ದಶಕದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆ. ಮಾಂಸ, ಮೊಟ್ಟೆ ಕೊಳ್ಳಲಾಗದ ಕೋಟ್ಯಂತರ ಜನಕ್ಕೆ ಪ್ರೋಟೀನ್ ಬರಬೇಕಾದ್ದು ಬೇಳೆಯಿಂದಲೇ. ಆ ಬೇಳೆಯಲ್ಲಿ ನಿಜಕ್ಕೂ ಏನಿದೆ, ಎಷ್ಟಿದೆ ಅಂತ ಕೂತು ಅಳೆಯೋರು ಬೇಕಿತ್ತು.

ವರ್ಷ ಮುಗಿಯಿತು. ರಾಮನ್ ಕೆಲಸ ನೋಡಿದರು, ತೃಪ್ತಿ ಆಯ್ತು, ಮಾನ್ಯತೆ ಕೊಟ್ಟರು. 1936ರಲ್ಲಿ ಕಮಲಾ ಎಂಎಸ್ಸಿ ಪಡೆದರು. ಪದವಿ ಕೊಟ್ಟಿದ್ದು ಮುಂಬೈ ವಿಶ್ವವಿದ್ಯಾಲಯ. ಆಗಿನ್ನೂ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಸ್ವಂತ ಪದವಿ ಕೊಡೋ ಅಧಿಕಾರ ಇರಲಿಲ್ಲ. ಇಲ್ಲಿ ಕೆಲಸ ಮಾಡಿ, ಪ್ರಬಂಧವನ್ನು ಬೇರೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಿತ್ತು. ಈ ಅಂಶ ನೆನಪಿಟ್ಟುಕೊಳ್ಳಿ. ಮುಂದೆ ಇನ್ನೊಬ್ಬರಿಗೆ ಇದೇ ಕುತ್ತಾಗುತ್ತೆ.

ಕೇಂಬ್ರಿಡ್ಜ್‌ನಿಂದ ಅವರೆಕಾಳಿನವರೆಗೆ

ಕಮಲಾ ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ವಿಟಮಿನ್ ಕುರಿತ ಕೆಲಸಕ್ಕೆ ನೊಬೆಲ್ ಪಡೆದ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಜೀವರಸಾಯನ ವಿಭಾಗ ಅದು. ಹೋಗೋ ಹೊತ್ತಿಗೆ ಜಾಗ ಎಲ್ಲ ಭರ್ತಿ. ಡೆರೆಕ್ ರಿಕ್ಟರ್ ಅನ್ನೋ ವಿಜ್ಞಾನಿ, ಹಗಲು ನನ್ನ ಮೇಜು ನೀವು ಬಳಸಿ, ನಾನು ರಾತ್ರಿ ಕೆಲಸ ಮಾಡ್ಕೋತೀನಿ ಅಂದರಂತೆ. ಬೆಂಗಳೂರಲ್ಲಿ ಒಂದು ವರ್ಷ ಷರತ್ತಿನ ಮೇಲೆ ಕೆಲಸ ಮಾಡಿದವರಿಗೆ ಇಲ್ಲಿ ಅಪರಿಚಿತರೊಬ್ಬರು ತಮ್ಮ ಮೇಜನ್ನೇ ಬಿಟ್ಟುಕೊಟ್ಟರು.

ಮುಂದೆ ರಾಬಿನ್ ಹಿಲ್ ಅವರ ಜೊತೆ ಸಸ್ಯಗಳ ಮೇಲೆ ಕೆಲಸ. ಆಲೂಗಡ್ಡೆ ಪರೀಕ್ಷಿಸುತ್ತಾ, ಸಸ್ಯಕೋಶಗಳಲ್ಲಿ ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನ್ ಇದೆ ಅಂತ ಕಮಲಾ ತೋರಿಸಿಕೊಟ್ಟರು. ಜೀವಕೋಶ ಉಸಿರಾಡಿ ಆಹಾರದಿಂದ ಶಕ್ತಿ ತೆಗೆಯೋ ಸರಪಳಿಯಲ್ಲಿ ಇದು ಒಂದು ಕೊಂಡಿ. ನಮ್ಮ ದೇಹದ ಕೋಶಕ್ಕೂ ಆಲೂಗಡ್ಡೆಯ ಕೋಶಕ್ಕೂ ಈ ಕೆಲಸದಲ್ಲಿ ನೆಂಟಸ್ತನ ಇದೆ ಅಂದಹಾಗಾಯ್ತು. ಸುಮಾರು ಹದಿನಾಲ್ಕು ತಿಂಗಳಲ್ಲಿ, ನಲವತ್ತು ಪುಟದ ಪ್ರಬಂಧ ಬರೆದು 1939ರಲ್ಲಿ ಪಿಎಚ್‌ಡಿ ಪಡೆದರು.

ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಅಂತ ಕಮಲಾ ಅವರನ್ನು ಕರೆಯೋದುಂಟು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದಿದ್ದರು, ಅದು ಡಿಎಸ್ಸಿ. ಹಾಗಾಗಿ 'ಮೊದಲು' ಯಾರು ಅನ್ನೋ ಚರ್ಚೆ ಬಿಡಿ. ನನಗೆ ಇನ್ನೂ ಕುತೂಹಲ ಅನ್ನಿಸೋ ವಿಷಯ ಬೇರೆ. ಇಷ್ಟೆಲ್ಲ ಉದಾರವಾಗಿ ಕಂಡ ಕೇಂಬ್ರಿಡ್ಜ್ ಕೂಡ 1948ರವರೆಗೆ ಹೆಣ್ಣುಮಕ್ಕಳಿಗೆ ಪದವಿಯ ಹೆಸರನ್ನಷ್ಟೇ ಕೊಡ್ತಿತ್ತು, ವಿಶ್ವವಿದ್ಯಾಲಯದ ಪೂರ್ಣ ಸದಸ್ಯತ್ವ ಕೊಡ್ತಿರಲಿಲ್ಲ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು ಅರ್ಧ ತೆರೆದಿತ್ತು ಅಷ್ಟೇ.

ಕಮಲಾ ಅಲ್ಲೇ ಉಳಿಯಲಿಲ್ಲ. 1939ರಲ್ಲಿ ವಾಪಸ್ ಬಂದರು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಆಮೇಲೆ ಕೂನೂರಿನ ಪೌಷ್ಟಿಕಾಂಶ ಪ್ರಯೋಗಾಲಯ. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆದರು. ಕೊನೆಗೆ ಅದರ ನಿರ್ದೇಶಕಿಯೂ ಆದರು.

ಇಲ್ಲಿಂದ ಕಥೆ ನಮ್ಮ ಅಡುಗೆಮನೆಗೆ ಬರುತ್ತೆ. 1950ರ ದಶಕದಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಸೇರಿ ಕಾಳುಗಳಲ್ಲಿರೋ ಒಂದು ವಿಚಿತ್ರ ಪದಾರ್ಥದ ಬೆನ್ನು ಹತ್ತಿದರು. ನಮ್ಮ ಕರುಳಿನಲ್ಲಿ ಟ್ರಿಪ್ಸಿನ್ ಅನ್ನೋ ಕಿಣ್ವ ಇದೆ, ಪ್ರೋಟೀನನ್ನು ಕತ್ತರಿಸಿ ಜೀರ್ಣ ಮಾಡೋದು ಅದರ ಕೆಲಸ. ಹಸಿ ಕಾಳುಗಳಲ್ಲಿ ಈ ಟ್ರಿಪ್ಸಿನ್‌ನ ಕೈ ಕಟ್ಟಿಹಾಕೋ ಪದಾರ್ಥ ಇರುತ್ತೆ. ತನ್ನ ಬೀಜವನ್ನು ಹುಳುಹುಪ್ಪಟೆಯಿಂದ ಕಾಪಾಡಿಕೊಳ್ಳೋಕೆ ಗಿಡ ಮಾಡ್ಕೊಂಡಿರೋ ಉಪಾಯ ಅದು. ಕಮಲಾ ಅವರ ತಂಡ ಈ ಪದಾರ್ಥವನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿ, 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಯಾವ ಕಾಳಿನಿಂದ ಗೊತ್ತಾ? ಒಂದು ಡಬಲ್ ಬೀನ್ಸ್. ಇನ್ನೊಂದು ನಮ್ಮ ಅವರೆ!

ಅವರೆಕಾಳನ್ನು ಚೆನ್ನಾಗಿ ಬೇಯಿಸಬೇಕು ಅಂತ ಅಜ್ಜಿ ಹೇಳ್ತಾರಲ್ಲ, ಅದರ ಹಿಂದಿರೋ ವಿಜ್ಞಾನ ಇದು. ಬಿಸಿ ತಾಗಿದರೆ ಆ ಪದಾರ್ಥದ ಹೆಚ್ಚಿನ ಭಾಗ ನಿಷ್ಕ್ರಿಯ ಆಗುತ್ತೆ, ಪ್ರೋಟೀನ್ ಮೈಗೆ ಹತ್ತುತ್ತೆ.

ನೀರಾ ಬಗ್ಗೆಯೂ ಅವರು ಕೆಲಸ ಮಾಡಿದರು. ತಾಳೆ, ಈಚಲು ಮರದಿಂದ ಇಳಿಸಿ, ಹುಳಿ ಬಂದು ಹೆಂಡ ಆಗೋ ಮೊದಲೇ ಕುಡಿಯೋ ಸಿಹಿ ರಸ ಅದು. ಪೌಷ್ಟಿಕಾಂಶದ ಕೊರತೆ ಇದ್ದ ಬುಡಕಟ್ಟು ಸಮುದಾಯದ ಹರೆಯದ ಮಕ್ಕಳಿಗೆ, ಗರ್ಭಿಣಿಯರಿಗೆ ಇದು ಕಡಿಮೆ ಖರ್ಚಿನಲ್ಲಿ ವಿಟಮಿನ್, ಕಬ್ಬಿಣದ ಅಂಶ ಕೊಡಬಲ್ಲದು ಅಂತ ತೋರಿಸಿದರು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ನಿವೃತ್ತಿಯ ನಂತರ ಗ್ರಾಹಕರ ಸಂಘಟನೆಯಲ್ಲಿ ತೊಡಗಿಕೊಂಡರು. 1998ರಲ್ಲಿ ತೀರಿಕೊಂಡರು.

ವಜ್ರದ ಎದುರು ಇಪ್ಪತ್ತು ಗಂಟೆ

ಈಗ ಮತ್ತೆ ಬೆಂಗಳೂರಿಗೆ ಬರೋಣ. ಆ ಒಂದು ವರ್ಷದ ಪರೀಕ್ಷೆ ಕಮಲಾ ಒಬ್ಬರದೇ ಆಗಿರಲಿಲ್ಲ. ಅವರ ಕೆಲಸ ನೋಡಿದ ಮೇಲೆ ರಾಮನ್ ಮನಸ್ಸು ಬದಲಾಯ್ತು, ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳೋಕೆ ಶುರು ಮಾಡಿದರು ಅಂತ ಕಮಲಾ ಕಥೆ ಹೇಳುತ್ತೆ. ಲಲಿತಾ ದೊರೈಸ್ವಾಮಿ, ಸುನಂದಾ ಬಾಯಿ, ಅನ್ನಾ ಮಣಿ ಮೂವರೂ ಮುಂದೆ ರಾಮನ್ ಅವರ ಪ್ರಯೋಗಾಲಯದಲ್ಲೇ ಕೆಲಸ ಮಾಡಿದರು.

ಅನ್ನಾ ಮಣಿ ಹುಟ್ಟಿದ್ದು 1918ರಲ್ಲಿ, ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಕೊಡೋಕೆ ಬಂದಾಗ, ಬೇಡ, ನನಗೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಅಂದ ಮಗು. 1940ರಲ್ಲಿ ವಿದ್ಯಾರ್ಥಿವೇತನ ಪಡೆದು ರಾಮನ್ ಅವರ ಪ್ರಯೋಗಾಲಯಕ್ಕೆ ಬಂದಾಗ ಕೈಗೆ ಸಿಕ್ಕಿದ್ದೇನು? ವಜ್ರಗಳೇ! ರಾಮನ್ ಬಳಿ ಸುಮಾರು 300 ವಜ್ರಗಳ ಸಂಗ್ರಹ ಇತ್ತು. ವಜ್ರದ ಮೇಲೆ ಬೆಳಕು ಬಿದ್ದಾಗ ಅದು ತನ್ನದೇ ಮಂದ ಬೆಳಕು ಸೂಸುತ್ತೆ. ಆ ಬೆಳಕನ್ನು ಫೋಟೊ ಪ್ಲೇಟ್ ಮೇಲೆ ಸೆರೆಹಿಡಿದು, ವಜ್ರದ ಒಳಗಿನ ರಚನೆ ಅರ್ಥ ಮಾಡ್ಕೊಳ್ಳೋದು ಕೆಲಸ. ಒಂದೊಂದು ಪ್ಲೇಟ್‌ಗೂ 15ರಿಂದ 20 ಗಂಟೆ ಬೆಳಕು ಬೀಳಿಸಬೇಕು. ಎಷ್ಟೋ ರಾತ್ರಿ ಅನ್ನಾ ಪ್ರಯೋಗಾಲಯದಲ್ಲೇ ಮಲಗಿದರು.

ಅಲ್ಲಿ ಹುಡುಗ ಹುಡುಗಿಯರು ಮಾತಾಡೋದನ್ನು ಕಂಡರೆ ರಾಮನ್ ಅವರಿಗೆ ಆಗ್ತಿರಲಿಲ್ಲ. ಹಾಗಾಗಿ ವಿಜ್ಞಾನದ ಚರ್ಚೆಗೂ ಅಡ್ಡಿ. ಅನ್ನಾ ಹೆಚ್ಚಾಗಿ ಒಬ್ಬರೇ ಕೆಲಸ ಮಾಡಿದರು. 1942ರಿಂದ 1945ರ ನಡುವೆ ತಮ್ಮೊಬ್ಬರ ಹೆಸರಿನಲ್ಲೇ ಐದು ಸಂಶೋಧನಾ ಲೇಖನ ಪ್ರಕಟಿಸಿದರು.

1945ರಲ್ಲಿ ಪಿಎಚ್‌ಡಿ ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಇವರ ಬಳಿ ಬಿಎಸ್ಸಿ ಆನರ್ಸ್ ಇದೆ, ಎಂಎಸ್ಸಿ ಇಲ್ಲವಲ್ಲ ಅನ್ನೋದು ಕಾರಣ! ಐದು ವರ್ಷದ ಕೆಲಸ, ಐದು ಲೇಖನ, ಲೆಕ್ಕವಿಲ್ಲದ ರಾತ್ರಿಗಳು, ಒಂದು ನಿಯಮದ ಎದುರು ನಿಲ್ಲಲಿಲ್ಲ. ಇದರಲ್ಲಿ ರಾಮನ್ ಅವರ ತಪ್ಪು ಹುಡುಕೋಕೆ ಆಗಲ್ಲ. ನಿಯಮದ ಪುಸ್ತಕಕ್ಕೆ ಮುಖ ಇರಲ್ಲ, ಎದುರು ನಿಂತು ಜಗಳ ಆಡೋಕೂ ಆಗಲ್ಲ.

ಅನ್ನಾ ಅಳುತ್ತಾ ಕೂರಲಿಲ್ಲ. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಇಂಗ್ಲೆಂಡಿಗೆ ಹೋದರು. ಸಿಕ್ಕ ಅವಕಾಶ ಹವಾಮಾನ ಅಳೆಯೋ ಉಪಕರಣಗಳ ತರಬೇತಿ. ಅದನ್ನೇ ಕಲಿತು, 1948ರಲ್ಲಿ ವಾಪಸ್ ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಹೊಸದಾಗಿ ಸ್ವತಂತ್ರವಾದ ದೇಶ ಆಗ ಸಾಮಾನ್ಯ ಹವಾಮಾನ ಉಪಕರಣಗಳನ್ನೂ ಹೊರಗಿನಿಂದ ತರಿಸ್ತಿತ್ತು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದೇ ಅಳತೆಗೆ ತಂದು, ಇಲ್ಲೇ ತಯಾರಾಗೋ ಹಾಗೆ ಮಾಡಿದವರು ಅನ್ನಾ ಮತ್ತು ಅವರ ತಂಡ. ಅಳತೆ ತಪ್ಪಾದರೆ ಅಳೆಯದೇ ಇರೋದೇ ವಾಸಿ ಅನ್ನೋ ಸ್ವಭಾವ ಅವರದು.

1957-58ರಲ್ಲಿ ದೇಶದ ಹಲವು ಕಡೆ ಬಿಸಿಲು ಅಳೆಯೋ ಕೇಂದ್ರಗಳ ಜಾಲ ಕಟ್ಟಿದರು. ಓಝೋನ್ ಅಳೆಯೋ ಉಪಕರಣ ದೇಶದಲ್ಲೇ ತಯಾರಾಗೋದಕ್ಕೂ ದುಡಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತಿ. 1980ರಲ್ಲಿ, 1981ರಲ್ಲಿ ಭಾರತದ ಸೌರ ವಿಕಿರಣದ ಬಗ್ಗೆ ಎರಡು ಆಕರ ಗ್ರಂಥ ಹೊರತಂದರು. ಗಾಳಿಯ ಶಕ್ತಿ ಎಲ್ಲೆಲ್ಲಿ ಎಷ್ಟಿದೆ ಅನ್ನೋ ಸಮೀಕ್ಷೆಯನ್ನೂ ಕೈಗೆತ್ತಿಕೊಂಡರು. ಗಾಳಿ, ಬಿಸಿಲು ಅಳೆಯೋ ಉಪಕರಣ ಮಾಡೋ ಸಣ್ಣ ಕಾರ್ಖಾನೆಯೊಂದನ್ನು ಬೆಂಗಳೂರಲ್ಲೇ ಶುರು ಮಾಡಿದರು. 2001ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಮುಂದಿನ ಸಲ ಚಿತ್ರದುರ್ಗದ ಕಡೆ ಬಸ್ಸಲ್ಲಿ ಹೋಗುವಾಗ ಗುಡ್ಡದ ಮೇಲೆ ಗಾಳಿಯಂತ್ರ ಕಂಡರೆ, ಪಾವಗಡದಲ್ಲಿ ಸೋಲಾರ್ ಫಲಕಗಳ ಸಾಲು ಕಂಡರೆ ನೆನಪು ಮಾಡ್ಕೊಳ್ಳಿ. ಈ ದೇಶದ ಗಾಳಿ, ಬಿಸಿಲು ಎಷ್ಟು ಅಂತ ಮೊದಲು ಕೂತು ಅಳೆದವರಲ್ಲಿ ಅನ್ನಾ ಮಣಿ ಒಬ್ಬರು. ಪಿಎಚ್‌ಡಿ ಇರಲಿಲ್ಲ.

ಹಾಗಾದ್ರೆ ರಾಮನ್ ದೊಡ್ಡವರಲ್ಲವಾ?

ಈ ಕಥೆ ಹೇಳಿದಾಗ ಎರಡು ಥರದ ಪ್ರತಿಕ್ರಿಯೆ ಬರುತ್ತೆ. ಕೆಲವರು, ಆ ಕಾಲ ಹಾಗಿತ್ತು ಬಿಡಿ ಅಂತಾರೆ. ಇನ್ನು ಕೆಲವರು, ರಾಮನ್ ಫೋಟೊ ಗೋಡೆಯಿಂದ ಇಳಿಸಿ ಅಂತಾರೆ.

ನನಗೆ ಎರಡೂ ಸರಿ ಕಾಣಲ್ಲ. ಕಾಲ ಹಾಗಿತ್ತು ಅನ್ನೋದಾದರೆ, ಅದೇ ಕಾಲದಲ್ಲಿ ಕಮಲಾ ಅವರನ್ನು ಅಪ್ಪ ಓದಿಸಿದರಲ್ಲ, ಶ್ರೀನಿವಾಸಯ್ಯ ಕಲಿಸಿದರಲ್ಲ, ರಿಕ್ಟರ್ ಮೇಜು ಬಿಟ್ಟುಕೊಟ್ಟರಲ್ಲ. ಅವರೂ ಅದೇ ಕಾಲದವರೇ. ಇನ್ನು ಫೋಟೊ ವಿಷಯ. ಬೆಳಕಿನ ಬಗ್ಗೆ ರಾಮನ್ ಕಂಡುಕೊಂಡ ಸತ್ಯ ಯಾರ ಫೋಟೊ ಎಲ್ಲಿದೆ ಅನ್ನೋದನ್ನು ನೋಡಿಕೊಂಡು ಬದಲಾಗಲ್ಲ. ಸಾಕ್ಷಿ ಎದುರು ಬಂದಾಗ ಅವರು ತಮ್ಮ ಅಭಿಪ್ರಾಯ ಬದಲಿಸಿಕೊಂಡರು ಅನ್ನೋದೂ ನಿಜ. ಅದೂ ವಿಜ್ಞಾನಿಯ ಗುಣವೇ.

ಆದರೆ ಆ ಸಾಕ್ಷಿ ಒದಗಿಸಿದ ಖರ್ಚು ಯಾರದು? ಕಮಲಾ ಅವರದು. ಒಂದು ವರ್ಷ. ಗಂಡುಮಕ್ಕಳು ಯಾರೂ ಕೊಡಬೇಕಿರದ ಒಂದು ವರ್ಷ. ಅವತ್ತು ಅರ್ಜಿ ವಾಪಸ್ ಬಂದಾಗ ಊರಿಗೆ ಹೋಗಿ ಸುಮ್ಮನಾದ ಹುಡುಗಿಯರು ಎಷ್ಟು ಜನ ಇದ್ದರೋ. ಅವರ ಕಥೆ ಹೇಳೋಕೆ ನಮ್ಮ ಬಳಿ ಹೆಸರೇ ಇಲ್ಲ. ದೊಡ್ಡ ವಿಜ್ಞಾನಿಗಳ ಪಟ್ಟಿ ಮಾಡುವಾಗ ನಾನು ಈಗ ಇದನ್ನೂ ಸೇರಿಸಿ ಯೋಚಿಸ್ತೀನಿ: ಇವರು ಏನು ಕಂಡುಹಿಡಿದರು, ಇವರಿಗೆ ಯಾರು ಬಾಗಿಲು ತೆಗೆದರು, ಇವರು ಯಾರಿಗೆ ತೆಗೆದರು.

ಅನ್ನಾ ಮಣಿ ಅವರ ಆ ಪ್ರಬಂಧ ಕಳೆದುಹೋಗಲಿಲ್ಲ. ಬೈಂಡ್ ಆಗಿ, ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರ ಇರೋ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಸೇರಿತು. ಪದವಿ ಸಿಕ್ಕ ಬೇರೆ ಪ್ರಬಂಧಗಳ ಪಕ್ಕ ಇಟ್ಟರೆ ಹೊರಗಿನಿಂದ ಏನೂ ವ್ಯತ್ಯಾಸ ಗೊತ್ತಾಗಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಓದಿಗೋ ಕೆಲಸಕ್ಕೋ ಯಾರಾದ್ರೂ ಒಬ್ಬರು ಬಾಗಿಲು ತೆಗೆದಿದ್ದರೆ, ಈ ಸಂಚಿಕೆಯನ್ನು ಅವರಿಗೆ ಕಳಿಸಿ.